ಬಾಲದ ಹಕ್ಕಿ

ವೈಜನಾಥ ಬೆಳಗಿನ ಉಪ್ಪಿಟ್ಟಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಒಂದು ಲಕ್ಷ ಹದ್ದುಗಳನ್ನು ಕೊಂದು ಮುಗಿಸಿದ್ದ. ಅಂಗಿಗೆ ಒಂದು ಪುಕ್ಕ ಅಂಟಿರಲಿಲ್ಲ, ಇಸ್ತ್ರಿಯ ಗೆರೆ ಮುರಿದಿರಲಿಲ್ಲ. ಕೈ ತೊಳೆಯುವ ಗೊಡವೆಯೂ ಇಲ್ಲದೆ ನೇರ ಕ್ಯಾಂಟೀನಿಗೆ ಹೋಗಿ ಎರಡು ತಟ್ಟೆ ಮೊಸರನ್ನ ಹೊಡೆದು, ತಿರುಗಿ ಬಂದು, ಉಳಿದ ಬಾತುಕೋಳಿಗಳ ಕಡೆ ಗಮನ ಕೊಟ್ಟಿದ್ದ.

"ಏಕ್ ಲಾಖ್, ಸಾಬ್?" ಎಂದು ಕ್ವಾಲಿಸ್ ಓಡಿಸುತ್ತಿದ್ದವನು ಕೇಳಿದ. ಕೂಕಟ್‌ಪಲ್ಲಿಯ ಸಿಗ್ನಲ್ಲಿನಲ್ಲಿ ಗಾಡಿ ನಿಂತು ಬಹಳ ಹೊತ್ತಾಗಿತ್ತು. ಅವನಿಗೂ ಬೇರೆ ಕೆಲಸವಿರಲಿಲ್ಲ.

"ಕಮ್ ಸೇ ಕಮ್," ಎಂದ ವೈಜನಾಥ.

ಹಿಂದಿನ ಸೀಟಿನಲ್ಲಿ ತನ್ವಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ನಗು ನುಂಗಿದಳು. ಮೈಸೂರಿನ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ, ನೌಕರಿ ಕಾಯಂ ಆಗಿಲ್ಲ. ಲ್ಯಾಪ್‌ಟಾಪಿನ ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅವಳ ಪಕ್ಕದಲ್ಲಿ ಇಬ್ಬರಿಗೂ ಮೇಲಧಿಕಾರಿಯಾದ ರಾಮದಾಸ ಮೊಬೈಲನ್ನು ಕಿವಿಗೊತ್ತಿ ಯಾರಿಗೋ ಇಂಗ್ಲಿಷಿನಲ್ಲಿ ಭರವಸೆಗಳನ್ನು ಕೊಡುತ್ತಿದ್ದ.

ಮಿಯಾಪುರದ ಮನೆಯಿಂದ ಗಾಡಿ ಹತ್ತಿದಾಗಿನಿಂದ ವೈಜನಾಥನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಲ್ಟು ಹಾಕಿದ, ತೆಗೆದ. ಗಾಜು ಇಳಿಸಿದ, ಬಿಸಿಗಾಳಿಯೂ ಹೊಗೆಯೂ ನುಗ್ಗಿದ್ದೇ ಏರಿಸಿದ. ರೇಡಿಯೋದ ಗುಂಡಿಯನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ಹೈದರಾಬಾದಿನ ಎಲ್ಲ ಸ್ಟೇಷನ್ನುಗಳಿಗೂ ಒಂದೊಂದು ಗಳಿಗೆ ಹಾಜರಿ ಹಾಕಿದ. ಬಾಯಿ ಮಾತ್ರ ನಿಲ್ಲಲಿಲ್ಲ. ತನ್ನ ಬಾಯಿ ನಿಂತರೆ ಅರ್ಧ ಊರಿಗೆ ಕರೆಂಟು ಹೋಗುತ್ತದೆಂಬ ನಂಬಿಕೆ ಅವನಿಗಿತ್ತು.

ಹದ್ದುಗಳೆಂದರೆ ಹಾರುವ ಹದ್ದುಗಳಲ್ಲ. ಮಾದಾಪುರದ ಗಾಜಿನ ಕಟ್ಟಡವೊಂದರಲ್ಲಿ, ಮೇ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂರಬೇಕಾದ ಎಸಿ ಕೋಣೆಯಲ್ಲಿ, ವೈಜನಾಥನ ಗುಂಪು ಪರದೇಶದ ಕಂಪನಿಯೊಂದು ಕಟ್ಟುತ್ತಿದ್ದ ವಿಮಾನಕ್ಕೆ ಕಂಪ್ಯೂಟರಿನೊಳಗೇ ಹಕ್ಕಿ ಹೊಡೆಸುತ್ತಿತ್ತು. ಹಾರುವ ವಿಮಾನಕ್ಕೆ ಹಕ್ಕಿ ಬಡಿದರೆ ತಗಡು ತಾಳುತ್ತದೋ ಹರಿಯುತ್ತದೋ, ಇದಿಷ್ಟೇ ಪ್ರಶ್ನೆ. ಪರದೆಯ ಹಕ್ಕಿಗೆ ತಲೆಯಿಲ್ಲ, ರೆಕ್ಕೆಯಿಲ್ಲ, ಕೊಕ್ಕಿಲ್ಲ. ಎರಡು ತುದಿಯೂ ಉರುಟಾದ ದೊಡ್ಡ ಗುಳಿಗೆಯ ಹಾಗಿರುತ್ತದೆ. ಸಾವಿರಾರು ಹನಿಗಳನ್ನು ಒತ್ತೊತ್ತಾಗಿ ಜೋಡಿಸಿ ಮಾಡಿದ ಗುಳಿಗೆ. ಆ ವೇಗದಲ್ಲಿ ಮಾಂಸವೂ ಮೂಳೆಯೂ ನೀರಿನ ಹಾಗೇ ಚೆಲ್ಲುತ್ತವಾದ್ದರಿಂದ ಅಷ್ಟು ಸಾಕು. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಬಡಿತವನ್ನು ಕಂಪ್ಯೂಟರು ರಾತ್ರಿಯಿಡೀ ಅಗಿಯುತ್ತದೆ. ಬೆಳಿಗ್ಗೆ ಬಂದು ನೋಡಿದರೆ ಹನಿಗಳೆಲ್ಲ ತಗಡಿನ ಮೇಲೆ ಚೆಲ್ಲಾಡಿ, ತಗಡು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿರುತ್ತದೆ. ಕೆಂಪಾಯಿತೋ, ಅಲ್ಲಿ ಹರಿಯಿತೆಂದು ಲೆಕ್ಕ.

ವಿಮಾನದ ಬಾಲ ಕೆಂಪಾಗಿರಲಿಲ್ಲ. ಹಳದಿಗೂ ಬಂದಿರಲಿಲ್ಲ. ತಿಳಿ ಹಸಿರಿನಲ್ಲಿ ನಿಂತು ನಗುತ್ತಿತ್ತು. ಅದನ್ನು ಕಂಡ ವೈಜನಾಥ ಹುರುಪಿನಲ್ಲಿ ಬಾಲದ ಮುಂದಿನ ಅಂಚಿನ ತಗಡಿನೊಳಗೆ ಆಧಾರಕ್ಕಿದ್ದ ಪಕ್ಕೆಲುಬುಗಳಲ್ಲಿ ಎರಡನ್ನು ಕಿತ್ತು ಹಾಕಿಸಿದ್ದ. ಆಗಲೂ ಹಸಿರು. ವಿಮಾನ ಅಷ್ಟು ಹಗುರಾಯಿತೆಂದು ಗ್ರಾಹಕರು ಹಿಗ್ಗಿದರು. ಇದನ್ನು ಯಾರು ಪರಿಶೀಲಿಸಿದ್ದು ಎಂದು ಅವರು ಫೋನಿನಲ್ಲಿ ಕೇಳಿದಾಗ, ಖುದ್ದು ನಾನೇ, ಹಕ್ಕಿಯ ಒಂದೊಂದು ಹನಿಯ ಮೂಗು ಹಿಡಿದು ನೋಡಿದ್ದೇನೆ ಎಂದು ವೈಜನಾಥ ಹೇಳಿದ್ದ. ಇಂಗ್ಲಿಷಿನಲ್ಲಿ ಹನಿಗೆ ಮೂಗು ಬರುವುದಿಲ್ಲವಾದ್ದರಿಂದ ಬೇರೆ ರೀತಿ ಹೇಳಿದ್ದ, ಅಷ್ಟೇ. ಕನ್ನಡದಲ್ಲಿ ಅದನ್ನು ಮೂಗಿನ ಸಮೇತ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದ.

ಈಗ ಗುಳಿಗೆಯನ್ನು ಬಿಟ್ಟು ನಿಜವಾದ ಕೋಳಿಯಿಂದ ಹೊಡೆದು ನೋಡುವ ದಿನ. ತಗಡು ತಾಳಿದರೆ ವೈಜನಾಥ ಗುಂಪಿನ ಮುಖ್ಯಸ್ಥ. ಮನೆಯಲ್ಲಿ ಅವನು ಎರಡು ಗುಂಪಿಗೆ ಮುಖ್ಯಸ್ಥ ಎಂದಿದ್ದ. ಹೆಂಡತಿ ನಲಿನಿ ಅದನ್ನು ಸರಿಯಾಗಿಯೇ ತಿಳಿದುಕೊಂಡಿದ್ದಳು.

ಅವಳು ಸರಿಯಾಗಿ ತಿಳಿದುಕೊಳ್ಳುತ್ತಿದ್ದ ಬಗೆಗೆ ಒಂದು ಚರಿತ್ರೆಯಿತ್ತು. ಮದುವೆಯ ಮಾತುಕತೆಯ ದಿನ ನಾರಾಯಣಗೂಡದ ಅವಳ ತವರಿನಲ್ಲಿ ಕೂತು ವೈಜನಾಥ, ಬೀದರಿನಿಂದ ತಮ್ಮ ಕಡೆಯವರು ಸಾವಿರ ಮಂದಿ ಬರುತ್ತಾರೆಂದು ಸಾರಿದ್ದ. ಹುಡುಗಿಯ ತಾಯಿ ಅವನ ಮುಖವನ್ನು ಒಂದು ಸಲ ನೋಡಿ, ಒಳಗೆ ಹೋಗಿ, ಅಡುಗೆಯವನಿಗೆ ಐನೂರು ಎಂದಳು. ಬಂದದ್ದು ಐನೂರು. ಕೊನೆಯ ಪಂಕ್ತಿಯ ಕೊನೆಯ ಬೀಗ ಕೊನೆಯ ಜಿಲೇಬಿ ತಿಂದು ಕೈ ತೊಳೆದ, ಪಾತ್ರೆ ಬರಿದಾಯಿತು. ಅಂದಿನಿಂದ ಆ ಮನೆಯಲ್ಲಿ ಅದೊಂದು ಕ್ರಮವಾಯಿತು. ಅವನು ಹೇಳಿದ ಅಂಕಿಯನ್ನು ಎರಡರಿಂದ ಭಾಗಿಸುವುದು. ಅವನ ಸುಳ್ಳಿಗೂ ಒಂದು ಶಿಸ್ತಿತ್ತು. ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ, ಒಂದಕ್ಕೆ ಎರಡು. ಹದ್ದಿನ ಲಕ್ಷದಂಥವು ಬೇರೆ. ಅವು ಭಾಗಾಕಾರಕ್ಕೆ ಬಗ್ಗುವಂಥವಲ್ಲ, ಹಬ್ಬದ ಪಟಾಕಿಗಳು.

ದಸರೆಗೆ ಆಫೀಸಿನ ಹುಡುಗ ಹುಡುಗಿಯರು ಮಿಯಾಪುರಕ್ಕೆ ಊಟಕ್ಕೆ ಬಂದಾಗ ನಲಿನಿ ಹೋಳಿಗೆಗೆ ತುಪ್ಪ ಬಡಿಸುತ್ತ ಈ ಕ್ರಮವನ್ನು ಅವರಿಗೂ ಹೇಳಿಕೊಟ್ಟಿದ್ದಳು. "ನಿಮ್ಮ ಸಾಹೇಬ್ರು ಏನರ ಅಂಕಿ ಹೇಳಿದ್ರ ಅರ್ಧಾ ಮಾಡ್ಕೊಂಡು ಕೇಳ್ರಿ. ಆವಾಗ ಅವ್ರಷ್ಟು ಖರೇ ಮನುಷ್ಯಾ ಈ ಊರಾಗ ಇನ್ನೊಬ್ರಿಲ್ಲ." ಎಲ್ಲರೂ ನಕ್ಕಿದ್ದರು. ಎಲ್ಲರಿಗಿಂತ ಜೋರಾಗಿ ವೈಜನಾಥನೇ ನಕ್ಕಿದ್ದ. ಸೋಮವಾರದಿಂದ ಆಫೀಸಿನಲ್ಲೂ ಅದು ಜಾರಿಗೆ ಬಂತು. ಹತ್ತು ನಿಮಿಷದಲ್ಲಿ ಬರುತ್ತೇನೆಂದರೆ ಇಪ್ಪತ್ತು ನಿಮಿಷ ಎಂದು ಮಾತ್ರ ತಿಳಿಯಬೇಕು, ಅಲ್ಲಿ ಭಾಗಿಸಬಾರದು ಎಂಬ ಉಪನಿಯಮವೂ ಸೇರಿಕೊಂಡಿತು.

ನಾಚಾರಂನ ಶೆಡ್ಡಿನಿಂದ ಬಾಲದ ತುಂಡನ್ನು ಎತ್ತಿಕೊಂಡು ಹೊರಟಾಗ ಬಿಸಿಲು ನೆತ್ತಿಗೆ ಬಂದಿತ್ತು. ಮಡಿಚಿದ ದೋಸೆಯ ಆಕಾರದ ಅಲ್ಯೂಮಿನಿಯಂ ತಗಡು, ಒಬ್ಬ ಆಳಿನುದ್ದ. ಅದನ್ನು ಮಾಡಲು ಎರಡು ತಿಂಗಳು ಹಿಡಿದಿತ್ತು. ಅಂಥದು ಇದ್ದದ್ದು ಅದೊಂದೇ. ವೈಜನಾಥ ಹಿಂದಿನ ಸೀಟಿಗೆ ಬಂದು, ಕಂಬಳಿ ಸುತ್ತಿದ ಅದರ ಮೇಲೆ ಕೈಯಿಟ್ಟು ಕೂತ. ಗಾಡಿ ಕುಲುಕಿದಾಗಲೆಲ್ಲ ತಟ್ಟಿದ.

ಪರೀಕ್ಷಾಲಯ ಕೀಸರದ ಕಡೆಗೆ ಹೋಗುವ ದಾರಿಯಲ್ಲಿ, ಒಂದರ ಮೇಲೊಂದು ಕೂತ ಬಂಡೆಗಳ ನಡುವೆ ಇತ್ತು. ಉದ್ದನೆಯ ತಗಡಿನ ಶೆಡ್ಡು; ಅದರೊಳಗೆ ನೀರಿನ ಮುಖ್ಯ ಕೊಳವೆಯಷ್ಟು ದಪ್ಪನೆಯ ಗಾಳಿ ತೋಪು. ಒತ್ತಿ ತುಂಬಿದ ಗಾಳಿ ಬಿಟ್ಟರೆ ಕೋಳಿ ವಿಮಾನದ ವೇಗದಲ್ಲಿ ಹೋಗಿ ತಗಡಿಗೆ ಬಡಿಯುತ್ತದೆ. ಹಕ್ಕಿಗೆ ವಿಮಾನ ಬಡಿದರೂ ವಿಮಾನಕ್ಕೆ ಹಕ್ಕಿ ಬಡಿದರೂ ಲೆಕ್ಕ ಒಂದೇ.

ಆ ತೋಪಿನ ಒಡೆಯರು ವೀರಭದ್ರಪ್ಪನವರು. ಶಹಾಬಾದಿನ ಕಡೆಯವರು, ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಸರ್ವೀಸು ಮುಗಿಸಿ ಇಲ್ಲಿಗೆ ಬಂದವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ರಬ್ಬರಿನ ಗ್ಲೌಸು. ಹುಟ್ಟಾ ಶಾಕಾಹಾರಿಯಾದ ಅವರು ಪ್ರತಿ ಕೋಳಿಯನ್ನೂ ತಾವೇ ತೂಗಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಗುಂಡಿ ಒತ್ತುವ ಮುನ್ನ 'ಶಿವಾ' ಎನ್ನುತ್ತಿದ್ದರು. ಅವರದೊಂದು ಪದ್ಧತಿಯಿತ್ತು. ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದವನು ಹೊಡೆತಕ್ಕೆ ಮುಂಚೆ ಸೀಮೆಸುಣ್ಣ ಹಿಡಿದು, ತಗ್ಗು ಎಲ್ಲಿಯವರೆಗೆ ಬೀಳುತ್ತದೆಂದು ತಗಡಿನ ಮೇಲೆ ಗೆರೆ ಎಳೆಯಬೇಕು. ಹೊಡೆದ ಮೇಲೆ ಯಾರು ಬೇಕಾದರೂ ಹೇಳುತ್ತಾರೆ, ಮುಂಚೆ ಹೇಳುವುದು ಗಂಡಸುತನ ಎಂದು ಅವರ ವಾದ. ಹಿಂದೊಮ್ಮೆ ರೆಕ್ಕೆಯ ತುಂಡಿನ ಮೇಲೆ ವೈಜನಾಥ ಎಳೆದ ಗೆರೆಯನ್ನು ತಗ್ಗು ಒಂದು ಕೂದಲೂ ದಾಟಿರಲಿಲ್ಲ. ಅವತ್ತಿನಿಂದ ವೀರಭದ್ರಪ್ಪನವರು ಅವನಿಗೆ ಮೊದಲು ನಮಸ್ಕಾರ ಮಾಡುತ್ತಿದ್ದರು. ಗೆರೆ ಎಳೆಯುವ ಮುಂಚೆ ಪಕ್ಕದಲ್ಲಿ ನಿಂತ ತನ್ವಿ ಮೆಲ್ಲಗೆ ಅಳತೆ ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ.

"ಬರ್ರಿ ಬರ್ರಿ, ಹದ್ದಿನ ಕಾಲಯಮ ಬಂದ್ರು," ಎಂದು ಅವರು ಬಾಗಿಲಲ್ಲೇ ಎದುರಾದರು. ತಗಡನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿಯುವ ಕೆಲಸ ನಡೆಯಿತು. ವೈಜನಾಥ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಿರುಗಿ, ಪ್ರತಿ ಬೋಲ್ಟಿಗೂ ಒಂದೊಂದು ಸಲಹೆ ಕೊಟ್ಟ. ರಾಮದಾಸ ನೆರಳು ಹುಡುಕಿಕೊಂಡು ಕುರ್ಚಿ ಹಾಕಿಸಿಕೊಂಡ.

"ಸಾರ್, ಕೋಡಿ ರೆಡೀ," ಎಂದು ಒಳಗಿನಿಂದ ಒಬ್ಬ ತೆಲುಗಿನಲ್ಲಿ ಕೂಗಿದ.

ತೋಪಿನ ಪಕ್ಕದ ಸಣ್ಣ ಕೋಣೆಯಲ್ಲಿ ಕೋಳಿ ತಕ್ಕಡಿಯ ಮೇಲಿತ್ತು. ವೀರಭದ್ರಪ್ಪನವರಿಗೆ ಅಂಕಿ ಮಿನುಗುವ ಹೊಸ ಯಂತ್ರಗಳ ಮೇಲೆ ನಂಬಿಕೆಯಿರಲಿಲ್ಲ. ಗಡಿಯಾರದ ಮುಖ, ಒಂದು ಮುಳ್ಳು ಇರುವ ಹಳೆಯ ತಕ್ಕಡಿ ಇಟ್ಟುಕೊಂಡಿದ್ದರು. ಬೆಳಿಗ್ಗೆಯಷ್ಟೇ ಕೊಯ್ದು ತಂದ ಬಿಳಿ ಕೋಳಿ, ಪುಕ್ಕ ತೆಗೆಯದೆ, ಕತ್ತನ್ನು ರೆಕ್ಕೆಯೊಳಗೆ ಸೇರಿಸಿ ಕಟ್ಟಿದ್ದರು. ವೈಜನಾಥ ಬಾಗಿಲಿಗಿಂತ ಈಚೆಗೆ ಬರಲಿಲ್ಲ. ಹಿಂದಿನ ಸಲವೂ ಅವನು ಈ ಕೋಣೆಗೆ ಬರುವುದನ್ನು ಏನೋ ಫೋನಿನ ನೆಪದಿಂದ ತಪ್ಪಿಸಿಕೊಂಡಿದ್ದ. ದೂರದಿಂದಲೇ ಮುಳ್ಳನ್ನು ನೋಡಿದ. ಎರಡಕ್ಕೆ ಸ್ವಲ್ಪ ಹಿಂದೆ ನಿಂತಿತ್ತು.

"ಇದೇನ್ರಿ ಚಿಲಿಪಿಲಿ," ಎಂದ ಗೆಲುವಾಗಿ. "ಇದು ರೆಕ್ಕಿ ಹಕ್ಕಿ. ಬಾಲದ ಹಕ್ಕಿ ತರ್ರಿ. ಮೂರು ಪಾಯಿಂಟ್ ಆರು ಕಿಲೋ."

ರಾಮದಾಸ ಕುರ್ಚಿಯಿಂದಲೇ ನಕ್ಕ. ವೀರಭದ್ರಪ್ಪನವರೂ ನಕ್ಕರು. ಅವರಿಗೂ ಆ ಭಾಗಾಕಾರದ ಸುದ್ದಿ ತಲುಪಿತ್ತು. "ಅರ್ಧಾ ಮಾಡಿದ್ರ ಬರೋಬ್ಬರಿ ಐತಿ ನೋಡ್ರಿ," ಎಂದರು. "ನಿಮ್ಮ ಆಫೀಸಿಂದ ಬಂದ ಆರ್ಡರಿನ್ಯಾಗೂ ಇಷ್ಟ ಐತಿ. ಒಂದು ಪಾಯಿಂಟ್ ಎಂಟು."

ವೈಜನಾಥನೂ ನಗಲು ಬಾಯಿ ತೆರೆದಿದ್ದ. ತನ್ವಿಯ ಕಡೆ ನೋಡಿದ. ಅವಳೂ ಎಲ್ಲರ ಹಾಗೆ ನಗುತ್ತಿದ್ದಳು. ಅವನು ಅವಳನ್ನು ಶೆಡ್ಡಿನ ಮೂಲೆಗೆ ಕರೆದ.

"ಕಂಪ್ಯೂಟರಿನ್ಯಾಗ ಎಷ್ಟು ಹಾಕಿದ್ದಿ?"

"ಒಂದೂ ಎಂಟು, ಸರ್."

"ನಾ ಎಷ್ಟು ಹೇಳಿದ್ದೆ?"

"ಮೂರೂ ಆರು ಅಂದ್ರಿ." ಸಾರಿಗೆ ಉಪ್ಪು ಹಾಕಿದೆ ಎನ್ನುವಷ್ಟು ಸಹಜವಾಗಿ ಸೇರಿಸಿದಳು, "ಅರ್ಧ ಮಾಡ್ದೆ."

ಆಮೇಲೆ ಅವನ ಮುಖ ನೋಡಿ ಅವಳ ನಗು ಎಲ್ಲೋ ಇಳಿದುಹೋಯಿತು.

ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. ಲಿಫ್ಟಿನ ಬಾಗಿಲು ಮುಚ್ಚುತ್ತಿರುವಾಗ ತನ್ವಿ ಓಡಿಬಂದು, ಬಾಲಕ್ಕೆ ಎಷ್ಟು ತೂಕದ ಹಕ್ಕಿ ಎಂದು ಕೇಳಿದ್ದಳು. ನಿಯಮ ಅವನಿಗೆ ಬಾಯಿಪಾಠ. ರೆಕ್ಕೆಗೆ ಒಂದು ತೂಕ, ಬಾಲಕ್ಕೆ ಅದರ ಎರಡರಷ್ಟು. ಬಾಲ ಹೋದರೆ ಆಕಾಶದಲ್ಲಿ ವಿಮಾನದ ಕಿವಿ ಹಿಡಿದು ತಿರುಗಿಸುವವರಿಲ್ಲ. ಮೂರು ಪಾಯಿಂಟ್ ಆರು ಎಂದಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಬಾಗಿಲು ಪೂರ್ತಿ ಮುಚ್ಚುವುದರೊಳಗೆ, ಬೀದರಿನ ಕೋಟೆಯ ಮೇಲೆ ಕುರಿಮರಿಯನ್ನು ಎತ್ತಿಕೊಂಡು ಹೋದ ಹದ್ದನ್ನು ತಾನು ಕಣ್ಣಾರೆ ಕಂಡದ್ದನ್ನೂ ಸೇರಿಸಿದ್ದ. ಕುರಿಮರಿಯನ್ನು ಕೇಳಿದ ಮೇಲೆ ಹುಡುಗಿ ಅಂಕಿಯನ್ನು ಭಾಗಿಸಿದಳು. ಭಾಗಿಸಿದರೆ ರೆಕ್ಕೆಗೆ ಬಳಸಿದ ಹಕ್ಕಿಯ ತೂಕವೇ ಕೂದಲು ಹೆಚ್ಚಿಲ್ಲದಂತೆ ಬಂತು. ಲೆಕ್ಕ ತಾಳೆಯಾಯಿತಲ್ಲ ಎಂದು ಅದೇ ಹಕ್ಕಿಯನ್ನು ತಂದು ಬಾಲದ ಮುಂದೆ ಇಟ್ಟಳು.

ಜೀವಮಾನದಲ್ಲಿ ಒಂದು ಸಲ ಅವನು ಇದ್ದ ಅಂಕಿಯನ್ನು ಇದ್ದ ಹಾಗೇ ಹೇಳಿದ್ದ.

ರಾಮದಾಸನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಹೇಳಿದ. ತಮಾಷೆಯಲ್ಲ, ಬಾಲಕ್ಕೆ ನಿಜವಾಗಿ ಇಮ್ಮಡಿ ತೂಕ ಬೇಕು, ಇವತ್ತು ಹೊಡೆಯಬಾರದು. ರಾಮದಾಸ ಉಡುಪಿಯವನು, ಕಾರುಗಳು ಗೋಡೆಗೆ ಗುದ್ದುವ ಲೆಕ್ಕ ಮಾಡುತ್ತಿದ್ದವನು ಈ ಕಡೆಗೆ ಬಂದವನು. ಹಕ್ಕಿಯ ನಿಯಮಗಳನ್ನು ಅವನು ವೈಜನಾಥನ ಬಾಯಿಂದಲೇ ಕಲಿತಿದ್ದ, ಎಲ್ಲವನ್ನೂ ಭಾಗಿಸಿಕೊಂಡು.

"ಎಂತ ಮಾರಾಯ್ರೆ ನಿಮ್ದು," ಎಂದ. "ಈ ಗಾಡಿ, ಈ ಜನ, ಈ ತೋಪು, ಇದೆಲ್ಲ ಸಿಗ್ಲಿಕ್ಕೆ ನಾನೆಷ್ಟು ಒದ್ದಾಡಿದ್ದೇನೆ ಗೊತ್ತುಂಟಾ? ಸಂಜೆಗೆ ಫೋಟೋ ಕಳಿಸ್ತೇನೆ ಅಂತ ಅವ್ರಿಗೆ ಹೇಳಿ ಆಯ್ತು. ನಿಯಮ ಸೋಮವಾರ ನೋಡುವ. ಈಗ ಹೊಡೆಯುವ."

ಹೊಡೆದರೆ ತಗಡು ತಾಳುತ್ತದೆ, ಅದೇ ತೊಂದರೆ. ಸಣ್ಣ ಹಕ್ಕಿಗೆ ಅಂದವಾಗಿ ತಗ್ಗಿ, ಗೆರೆಯೊಳಗೇ ನಿಂತು, ಫೋಟೋಕ್ಕೆ ಮುಖ ಕೊಡುತ್ತದೆ. ಫೋಟೋ ಹೋದ ಮೇಲೆ ಸೋಮವಾರ ಯಾರು ನಿಯಮದ ಪುಸ್ತಕ ತೆಗೆಯುತ್ತಾರೆ? ಗ್ರಾಹಕರು ನಂಬಿದ್ದು ಅವನು ಮೂಗು ಹಿಡಿದು ನೋಡಿದ ಹನಿಗಳನ್ನು. ಪುಸ್ತಕ ತೆಗೆಯಲು ಯಾರಿಗೂ ಮನಸ್ಸಿರದು. ಅವನಿಗೂ ಇರದು, ತನ್ನನ್ನು ಅವನು ಬಲ್ಲ. ಬುಧವಾರದ ಹೊತ್ತಿಗೆ ಆ ಎರಡು ಪಕ್ಕೆಲುಬುಗಳು ಮೊದಲಿನಿಂದಲೂ ಬೇಡವಾಗಿದ್ದವು ಎಂದು ಅವನೇ ಕ್ಯಾಂಟೀನಿನಲ್ಲಿ ಭಾಷಣ ಮಾಡುತ್ತಿರುತ್ತಾನೆ. ಎಂದೋ ಒಂದು ದಿನ ಎಲ್ಲಿಯದೋ ಆಕಾಶದಲ್ಲಿ ಪೂರಾ ತೂಕದ ಹಕ್ಕಿಯೊಂದು ಬರುತ್ತದೆ. ಅದಕ್ಕೆ ಭಾಗಾಕಾರ ಬರುವುದಿಲ್ಲ.

ಶೆಡ್ಡಿನ ಹಿಂದೆ ಹೋದ. ಬಂಡೆಯ ಮೇಲೆ ಕೂತರೆ ಸುಟ್ಟಿತು, ಎದ್ದು ನಿಂತ, ಸುತ್ತ ನಡೆದ, ಮತ್ತೆ ಅದೇ ಬಂಡೆಯ ಮೇಲೆ ಕೂತು ಮತ್ತೆ ಸುಟ್ಟುಕೊಂಡ. ನಲಿನಿಗೆ ಫೋನು ಮಾಡಿದ. ಅವಳು ಪಾಠ ಹೇಳುವ ಶಾಲೆಯಲ್ಲಿದ್ದಳು, ಮಕ್ಕಳ ಗದ್ದಲ ಕೇಳುತ್ತಿತ್ತು. ನಡೆದದ್ದನ್ನು ಹೇಗೋ ಹೇಳಿದ. ಬಾಲದ ಹಕ್ಕಿ ಮೂರೂವರೆ ಕಿಲೋದ ಮೇಲಿರಬೇಕಿತ್ತು ಎಂದ.

"ಅಂದ್ರ ಪೌಣೆರಡು ಕಿಲೋ," ಎಂದಳು ನಲಿನಿ.

ಅವಳು ಹಾಸ್ಯ ಮಾಡುತ್ತಿರಲಿಲ್ಲ. ಉಸಿರಾಡಿದ ಹಾಗೆ ಭಾಗಿಸಿ ಒಂದೂ ಮುಕ್ಕಾಲಿಗೆ ಇಳಿಸಿದ್ದಳು. ವೈಜನಾಥ ಫೋನನ್ನು ಕಿವಿಯಿಂದ ತೆಗೆದು ಒಂದು ಗಳಿಗೆ ನೋಡಿದ.

"ಇಲ್ಲ ನಲಿನಿ. ಪೂರಾ."

ಆ ಕಡೆ ಮಕ್ಕಳ ಗದ್ದಲ ದೂರವಾಯಿತು. ಅವಳು ಎಲ್ಲೋ ಹೊರಗೆ ಬಂದಿರಬೇಕು. "ನಿಮ್ಮ ದನಿ ಯಾಕ ಹಂಗೈತಿ?" ಎಂದಳು. ಅವನು ಎಲ್ಲವನ್ನೂ ಇನ್ನೊಮ್ಮೆ ಹೇಳಿದ, ಲಿಫ್ಟು, ಕುರಿಮರಿ, ಪಕ್ಕೆಲುಬು. ಕುರಿಮರಿಯ ಹತ್ತಿರ ಬಂದಾಗ ಅವನಿಗೇ ನಾಚಿಕೆಯಾಯಿತು. ತನ್ವಿ ತಪ್ಪು ಮಾಡಿದಳು ಎಂದುಬಿಟ್ಟರೆ ಎಲ್ಲರೂ ಕೂಡಲೇ ನಂಬುತ್ತಾರೆ, ಹೊಡೆತವೂ ನಿಲ್ಲುತ್ತದೆ, ಅವಳ ಕೆಲಸ ಹೋಗಬಹುದು ಅಷ್ಟೇ ಎಂದ. ನಲಿನಿ ಅದಕ್ಕೆ ಏನೂ ಹೇಳಲಿಲ್ಲ. ಅವಳು ಏನೂ ಹೇಳದಿದ್ದದ್ದು ಬಂಡೆಗಿಂತ ಹೆಚ್ಚು ಸುಟ್ಟಿತು.

"ನಾ ಹೇಳಿದ್ರ ಒಬ್ಬರೂ ನಂಬವಲ್ರು," ಎಂದ ಕೊನೆಗೆ.

"ಅಂಕಿ ಹೇಳಿದ್ರ ನಂಬಂಗಿಲ್ರಿ. ನಾನೂ ನಂಬಲಿಲ್ಲ," ಎಂದಳು ನಲಿನಿ. "ನೀವು ಏನ್ ಮಾಡಿಲ್ಲೋ ಅದನ್ನ ಹೇಳ್ರಿ. ಮಾಡಲಾರದ್ದರ ಮ್ಯಾಲ ಯಾರೂ ಬಡಾಯಿ ಕೊಚ್ಚಂಗಿಲ್ಲ."

ಒಳಗೆ ಬಂದಾಗ ಕೋಳಿಯನ್ನು ಕಟ್ಟುವ ಬಿಳಿಯ ಚೀಲವನ್ನು ತಕ್ಕಡಿಯ ಪಕ್ಕ ಹಾಸಿಟ್ಟಿದ್ದರು. ರಾಮದಾಸ ಕ್ಯಾಮೆರಾದವನಿಗೆ ಜಾಗ ತೋರಿಸುತ್ತಿದ್ದ. ತನ್ವಿ ಗೋಡೆಗೆ ಒರಗಿ ಲ್ಯಾಪ್‌ಟಾಪ್ ತೆರೆದಿದ್ದಳು, ಆದರೆ ಏನನ್ನೂ ಒತ್ತುತ್ತಿರಲಿಲ್ಲ. ವೀರಭದ್ರಪ್ಪನವರು ಸೀಮೆಸುಣ್ಣದ ತುಂಡನ್ನು ಮುಂದೆ ಹಿಡಿದರು.

"ಎಳೀರಿ ಸಾಹೇಬ್ರ. ಕೋಳಿ ಕಾಯಾಕತ್ತೈತಿ."

ವೈಜನಾಥ ತೆಗೆದುಕೊಂಡು ತಗಡಿನ ಮುಂದೆ ನಿಂತ. ಈ ಸಲ ಪಕ್ಕದಲ್ಲಿ ಅಳತೆ ಹೇಳುವವರಿರಲಿಲ್ಲ. ಸೀಮೆಸುಣ್ಣವನ್ನು ತಗಡಿನ ಮೂಗಿಗೆ ಇಟ್ಟು ಎಳೆಯತೊಡಗಿದ. ಗೆರೆ ಮೊದಲ ಪಕ್ಕೆಲುಬನ್ನು ದಾಟಿತು. ಎರಡನೆಯದು ಇರಬೇಕಾಗಿದ್ದ, ಈಗ ಬರೀ ನುಣುಪಾಗಿದ್ದ ಜಾಗವನ್ನು ದಾಟಿತು. ಹಿಂದಿನ ಅಂಚಿನವರೆಗೆ ಹೋಯಿತು. ಅಲ್ಲಿ ತಗಡು ಮುಗಿಯಿತು, ಅವನ ಕೈ ನಿಲ್ಲಲಿಲ್ಲ. ಸೀಮೆಸುಣ್ಣ ಕಿರುಗುಡುತ್ತ ಕಬ್ಬಿಣದ ಚೌಕಟ್ಟಿನ ಮೇಲೆ ಹತ್ತಿ, ಒಂದು ಗೇಣು ಹೋಗಿ, ಮುರಿಯಿತು.

ಕ್ಯಾಮೆರಾದವನು ನಕ್ಕ. ಬೇರೆ ಯಾರೂ ನಗಲಿಲ್ಲ.

"ಇದೆಂತ ಈಗ?" ಎಂದ ರಾಮದಾಸ.

ವೀರಭದ್ರಪ್ಪನವರು ಗೆರೆಯ ಹತ್ತಿರ ಬಗ್ಗಿ, ಮೊದಲಿನಿಂದ ಕೊನೆಯವರೆಗೆ ನೋಡಿದರು. ನೆಟ್ಟಗಾಗಿ ಕನ್ನಡಕ ಸರಿಪಡಿಸಿಕೊಂಡರು. "ಇಷ್ಟು ಹರೀಬೇಕಂದ್ರ ಇದು ಆ ಕೋಳಿ ಕೆಲಸ ಅಲ್ಲ," ಎಂದರು. "ನೀವು ಅಂದ ತೂಕ ಖರೇ ಇದ್ರ, ಮತ್ತ ಕಂಪ್ಯೂಟರಿನ್ಯಾಗ ಸಣ್ಣ ಹಕ್ಕಿ ಹ್ಯಾಂಗ ಬಂತು? ಒಂದೊಂದು ಹನಿ ನಾನ ನೋಡೀನಿ ಅಂತ ನೀವು ಎಲ್ಲಾರ ಮುಂದ ಹೇಳೀರಿ. ಎರಡರಾಗ ಒಂದು ಸುಳ್ಳು. ಯಾವುದು, ಹೇಳಿಬಿಡ್ರಿ."

ರಾಮದಾಸ ತನ್ವಿಯ ಕಡೆ ತಿರುಗಿದ. ಅವಳು ಲ್ಯಾಪ್‌ಟಾಪನ್ನು ಮುಚ್ಚಿ ಎದೆಗೆ ಅವಚಿಕೊಂಡಳು. ಏನೋ ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ವೈಜನಾಥ ಮಾತಾಡಿದ.

"ನಾ ನೋಡಿಲ್ರಿ."

"ಏನು ನೋಡಿಲ್ಲ?"

"ಏನೂ ನೋಡಿಲ್ಲ. ಒಂದು ಹನಿ ನೋಡಿಲ್ಲ. ಫೈಲ್ ಸೈತ ತೆಗೆದಿಲ್ಲ. ಬಣ್ಣ ಹಸಿರು ಬಂದಿತ್ತು, ಛಂದ ಕಂಡಿತು, ಸರಿ ಐತಿ ಅಂತ ಸಹಿ ಮಾಡಿದೆ." ಕೈಯಲ್ಲಿ ಉಳಿದಿದ್ದ ಸೀಮೆಸುಣ್ಣದ ಚೂರನ್ನು ಬೆರಳುಗಳ ನಡುವೆ ಉಜ್ಜುತ್ತಿದ್ದ. "ಆಕಿ ತಪ್ಪಲ್ಲ. ನನ್ನ ಮಾತು ಅರ್ಧಾ ಮಾಡಬೇಕಂತ ಆಕೀಗೆ ನಮ್ಮ ಮನಿಯಾಗ ಕಲಿಸೀವಿ. ಆವತ್ತು ಮಾಡಬಾರದಿತ್ತು, ಅದು ಆಕೀಗೆ ಹ್ಯಾಂಗ ತಿಳೀಬೇಕು? ಹಿಂದಿನ ಸಲ ರೆಕ್ಕಿ ಮ್ಯಾಲ ನಾ ಎಳೆದ ಗೆರೀನೂ ನಂದಲ್ಲ. ಆಕಿ ಹೇಳಿದ್ಳು, ನಾ ಎಳೆದೆ."

ವೀರಭದ್ರಪ್ಪನವರು ಗ್ಲೌಸುಗಳನ್ನು ಒಂದೊಂದೇ ಬೆರಳಿನಿಂದ ಕಳಚುತ್ತ ಕೇಳುತ್ತಿದ್ದರು. ರಾಮದಾಸನ ಮೊಬೈಲು ಮೇಜಿನ ಮೇಲೆ ನಡುಗಿ, ಸುಮ್ಮನಾಗಿ, ಮತ್ತೆ ನಡುಗಿತು. ಅವನು ಎತ್ತಲಿಲ್ಲ.

"ಮತ್ತ ಲಕ್ಷ ಹದ್ದು?" ಎಂದರು ವೀರಭದ್ರಪ್ಪನವರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ಬಿಲ್ಲು ಹರಿಯುವ ಮುಂಚೆ ಎಲ್ಲವನ್ನೂ ಒಮ್ಮೆ ಕೂಡಿ ನೋಡುವ ಅಂಗಡಿಯವರ ಹಾಗಿತ್ತು.

"ಹದಿನೇಳು."

"ಹದಿನೇಳು ಸಾವಿರ?"

"ಹದಿನೇಳು ಹಕ್ಕಿ. ಹದಿನೇಳೂ ಆಕಿನ ಹೊಡೆದಾಳ. ನಾ ಒಂದೂ ಹೊಡೆದಿಲ್ಲ." ಅವನು ತಕ್ಕಡಿಯ ಕಡೆ ಒಮ್ಮೆ ನೋಡಿ ಕಣ್ಣು ತೆಗೆದ. "ಸತ್ತ ಕೋಳೀನ ಇಷ್ಟು ಹತ್ರ ನೋಡಿದ್ದೂ ಇವತ್ತ."

ಹೊರಗೆ ಕ್ವಾಲಿಸಿನವನು ರೇಡಿಯೋ ಹಾಕಿಕೊಂಡಿದ್ದು ಶೆಡ್ಡಿನ ತಗಡಿನ ಮೂಲಕ ಸಣ್ಣಗೆ ಕೇಳುತ್ತಿತ್ತು.

"ಈ ಹದಿನೇಳರಾಗ ಅರ್ಧಾ ಮಾಡ್ಬೇಕೇನ್ರಿ?" ಎಂದರು ವೀರಭದ್ರಪ್ಪನವರು.

"ಬ್ಯಾಡ್ರಿ," ಎಂದ ವೈಜನಾಥ. "ಪೂರಾ ಐತಿ."

ವೀರಭದ್ರಪ್ಪನವರು ತಲೆಯಾಡಿಸಿದರು. ಅಷ್ಟು ದೊಡ್ಡ ಕೋಳಿ ಚಿಕನ್ ಸೆಂಟರಿನಲ್ಲಿ ಸಿಗುವುದಿಲ್ಲ, ಮೊಟ್ಟೆಗೆ ಸಾಕುವ ಹಳೆಯ ಹೇಂಟೆಗಳನ್ನು ಎಲ್ಲಾದರೂ ಹುಡುಕಬೇಕು ಎಂದು ಯಾರಿಗೂ ಅಲ್ಲದಂತೆ ಹೇಳಿ, ಗಾಳಿಯ ಕವಾಟ ತಿರುಗಿಸಲು ಒಳಗಿನವನಿಗೆ ಕೈ ಮಾಡಿದರು. ತೋಪಿಗೆ ತುಂಬಿಟ್ಟಿದ್ದ ಗಾಳಿ ಉದ್ದಕ್ಕೆ ನಿಟ್ಟುಸಿರು ಬಿಟ್ಟ ಹಾಗೆ ಇಳಿಯಿತು. ಆಮೇಲೆ ಅವರು ಬರಿಗೈಯಿಂದಲೇ ಕೋಳಿಯನ್ನು ಎತ್ತಿಕೊಂಡರು. ತಕ್ಕಡಿಯ ಮುಳ್ಳು ಹಿಂದಕ್ಕೆ ಓಡಿ, ಸೊನ್ನೆಯನ್ನು ದಾಟಿ, ಎರಡು ಸಲ ಆಚೆ ಈಚೆ ನಡುಗಿ, ಸೊನ್ನೆಯ ಮೇಲೆ ಬಂದು ನಿಂತಿತು.